ದೀಪ ಹಾಕಿದರೆ ತುಂಬುವ ಬ್ಯಾಟರಿ

ಹಳೆಯ ಕಾರುಗಳ ಸಂಘದವರು ಮನುಷ್ಯಕುಲವನ್ನು ಎರಡೇ ಪಂಗಡವಾಗಿ ವಿಂಗಡಿಸಿಕೊಂಡಿದ್ದರು: ಬ್ಯಾಟರಿಯ ಪ್ಲಸ್ ತುದಿಯನ್ನು ಕಾರಿನ ಮೈಗೆ ಕಟ್ಟಿದವರು ಮತ್ತು ಮೈನಸ್ ತುದಿಯನ್ನು ಕಟ್ಟಿದವರು. ಒಂದೊಂದು ದೀಪಕ್ಕೂ ಎರಡೆರಡು ತಂತಿ ಎಳೆಯುವ ಗೋಜಿಲ್ಲದಂತೆ, ಬ್ಯಾಟರಿಯ ಒಂದು ತುದಿಯನ್ನು ಕಾರಿನ ಕಬ್ಬಿಣದ ಮೈಗೇ ಬಿಗಿದು, ಹೊರಟ ವಿದ್ಯುತ್ತು ಆ ಮೈಯ ಮೂಲಕವೇ ಮನೆಗೆ ಮರಳುವಂತೆ ಮಾಡುವುದು ಮೊದಲಿನಿಂದಲೂ ನಡೆದು ಬಂದ ಕ್ರಮ. ಬಹಳ ಹಿಂದೆ ಎಷ್ಟೋ ಕಾರುಗಳಲ್ಲಿ ಹಾಗೆ ಮೈಗೆ ಹೋಗುತ್ತಿದ್ದುದು ಪ್ಲಸ್ ತುದಿ. ಕಾಲ ಸರಿದಂತೆ ಕಾರ್ಖಾನೆಗಳೆಲ್ಲ ಮೈನಸ್ಸಿಗೆ ತಿರುಗಿಕೊಂಡವು. ದೀಪಕ್ಕೆ ಇದರಿಂದ ಆಗಬೇಕಾದ್ದು ಏನೂ ಇಲ್ಲ. ವಿದ್ಯುತ್ತು ಯಾವ ಕಡೆಯಿಂದ ಬಂದರೂ ಅದು ಉರಿಯುತ್ತದೆ. ಕೂತಲ್ಲಿ ಕೂರಲಾಗದೆ ಚಡಪಡಿಸುತ್ತಿದ್ದವರು ಸದಸ್ಯರು.

ಪ್ಲಸ್ಸಿನವರು ಅಪ್ಪಟರು, ಮೈನಸ್ಸಿನವರು ಕೆಟ್ಟುಹೋದವರು ಎಂಬ ಅರ್ಥದ ಮಾತುಗಳು ಸಂಘದ ನಿಯಮಾವಳಿಯ ನಾಲ್ಕನೆಯ ಕಲಮಿನಲ್ಲಿ ಗಂಭೀರವಾದ ಭಾಷೆಯಲ್ಲಿ ಮುದ್ರಿತವಾಗಿದ್ದವು. ಆ ಕಲಮನ್ನು ಬರೆದವರು ಅಧ್ಯಕ್ಷರು. ಅವರು ವೃತ್ತಿಯಿಂದ ಕನ್ನಡಕದ ಅಂಗಡಿಯವರು. ಊರಿನ ಅರ್ಧ ಮೂಗುಗಳ ಮೇಲೆ ಅವರು ಕೂರಿಸಿದ ಕನ್ನಡಕಗಳೇ ಇದ್ದವು. ಇತರರ ದೃಷ್ಟಿದೋಷವನ್ನು ನಿತ್ಯವೂ ಅಳೆಯುತ್ತಿದ್ದ ಅವರಿಗೆ ತಮ್ಮ ದೃಷ್ಟಿಯ ಬಗ್ಗೆ ಮಾತ್ರ ಎಂದೂ ಸಂಶಯ ಸುಳಿದದ್ದಿಲ್ಲ. ಅವರ ಹಸಿರು ಬಣ್ಣದ ಕಾರಿಗೆ ಸಂಘದಲ್ಲಿ ದೊರೆಸಾನಿ ಎಂಬ ಹೆಸರಿತ್ತು.

ಇಂಥ ದೊರೆಸಾನಿಯ ಬಾನೆಟ್ಟನ್ನು ಒಂದು ಭಾನುವಾರ ಹಲ್ಲಿನ ಡಾಕ್ಟರು ತೆರೆಸಿಬಿಟ್ಟರು. ಅವರು ಮುಂದಿನ ಚುನಾವಣೆಯಲ್ಲಿ ಅಧ್ಯಕ್ಷರಾಗಬೇಕೆಂದು ಮೂರು ವರ್ಷದಿಂದ ಹಂಬಲಿಸುತ್ತಿದ್ದವರು. ಬಾಯಿ ತೆರೆಸುವುದು ಕಸುಬೇ ಆಗಿದ್ದ ಅವರಿಗೆ ಬಾನೆಟ್ ತೆರೆಸುವುದು ಕಷ್ಟವಾಗಲಿಲ್ಲ. ಒಳಗೆ ಬಗ್ಗಿ ನೋಡಿ, "ಅಯ್ಯೋ ಪಾಪ, ಬೇರಿನಲ್ಲೇ ಹುಳುಕು ಕಣ್ರೀ" ಎಂದರು. ಬ್ಯಾಟರಿಯ ಮೈನಸ್ ತುದಿ ಮೈಗೆ ಬಿಗಿದಿತ್ತು. ಹಿಂದಿನ ಮಾಲೀಕನಾರೋ ಮೈನಸ್ ಮೈಯನ್ನೇ ಬೇಡುವ ಹೊಸ ರೇಡಿಯೊ ಕೇಳುವ ಚಪಲಕ್ಕೆ ಹಾಗೆ ಮಾಡಿಸಿದ್ದನೆಂದು ತೋರುತ್ತದೆ. ನಾಲ್ಕನೆಯ ಕಲಮಿನ ಕರ್ತೃ ಒಂಬತ್ತು ವರ್ಷಗಳಿಂದ ಆ ಕಲಮಿನ ಹೊರಗೇ ಕೂತು ಕಾರು ಓಡಿಸಿದ್ದರು. ಇನ್ನು ಮೂರು ವಾರಕ್ಕೆ, ಇಂಥ ಸಂಘಗಳೆಲ್ಲ ಸೇರಿ ಕಟ್ಟಿಕೊಂಡ ಮಹಾಮಂಡಲದ ತೀರ್ಪುಗಾರರು ಕಾರುಗಳನ್ನು ನೋಡಿ ಬಹುಮಾನ ಕೊಡಲು ಬರುವವರಿದ್ದರು. ಅಧ್ಯಕ್ಷರು ಅಂದೇ ತಮ್ಮ ಬಾಮೈದನಿಗೆ ಹೇಳಿಕಳುಹಿಸಿದರು.

ಬಾಮೈದ ಕಾರುಗಳ ತಂತಿ ಕೆಲಸದವನು. ನಲವತ್ತೊಂದು ವರ್ಷದಿಂದ ಒಂದೇ ಮಳಿಗೆಯಲ್ಲಿ, ಆಮ್ಲದ ಕಲೆಗಳಿಂದ ಭೂಪಟದಂತಾಗಿದ್ದ ಒಂದೇ ಬೆಂಚಿನ ಮುಂದೆ ನಿಂತು ತಲೆ ನರೆಸಿಕೊಂಡಿದ್ದ. ಎಲ್ಲರ ಬಾಯಲ್ಲೂ ಅವನು ಮೇಸ್ತ್ರಿ. ತನ್ನಿಂದ ಎಂದೂ ತಪ್ಪಾಗಿಲ್ಲ ಎಂದು ಮೇಸ್ತ್ರಿ ಹೇಳಿಕೊಂಡವನಲ್ಲ. ತಪ್ಪಾದಾಗ ಅದನ್ನು ಮೊದಲು ಹೇಳಿದವನು ತಾನೇ ಎಂಬುದಷ್ಟೇ ಅವನ ಹೆಮ್ಮೆ. ಬೀಗರ ಮನೆಗೆ ಹೊರಟಿದ್ದ ಗಿರಾಕಿಯನ್ನು ರಸ್ತೆಯ ಮಧ್ಯೆ ತಡೆದು, "ಸ್ವಾಮಿ, ನಿಮ್ಮ ಹಾರ್ನಿನ ತಂತಿ ನಾನು ಸಡಿಲ ಬಿಟ್ಟಿದ್ದೆ, ಎರಡು ನಿಮಿಷ ನಿಲ್ಲಿ" ಎಂದು ಬಿಗಿದು ಕಳುಹಿಸಿದವನು. ಹೀಗೆ "ತಪ್ಪಾಗಿದೆ" ಎನ್ನಲು ಅಂಜದವನಾದ್ದರಿಂದಲೇ ಅವನು "ಸರಿಯಾಗಿದೆ" ಎಂದ ಮೇಲೆ ಯಾರೂ ಎರಡನೆಯ ಪ್ರಶ್ನೆ ಕೇಳುತ್ತಿರಲಿಲ್ಲ. ಆ ಒಂದು ನಂಬಿಕೆಯನ್ನು ಬಿಟ್ಟರೆ ಅವನು ಗಳಿಸಿಟ್ಟದ್ದು ಬೇರೇನೂ ಇರಲಿಲ್ಲ.

ಮುಂದಿನ ಭಾನುವಾರ ಬೆಳಗ್ಗೆ ಅಧ್ಯಕ್ಷರ ಮನೆಯ ಪೋರ್ಟಿಕೋದಲ್ಲಿ ಕುರ್ಚಿಗಳನ್ನು ಸಾಲಾಗಿ ಹಾಕಲಾಯಿತು. ಮೂವತ್ತು ಮಂದಿ ಸದಸ್ಯರು ಶಸ್ತ್ರಚಿಕಿತ್ಸೆ ನೋಡಲು ಬಂದ ವಿದ್ಯಾರ್ಥಿಗಳಂತೆ ಕೂತರು. ಮೇಸ್ತ್ರಿ ಬ್ಯಾಟರಿಯನ್ನು ಬಿಚ್ಚಿ, ತಿರುಗಿಸಿಟ್ಟು, ಪ್ಲಸ್ ತುದಿಯನ್ನು ಮೈಗೆ ಬಿಗಿದ. ಎಂಜಿನ್ನಿಗೆ ಕಿಡಿ ಒದಗಿಸುವ ಕಾಯಿಲಿನ ಎರಡು ತಂತಿಗಳನ್ನು ಅದಲುಬದಲು ಮಾಡಿದ. ಇನ್ನುಳಿದದ್ದು ಡೈನಮೋ. ಎಂಜಿನ್ ಓಡುವಾಗ ಬ್ಯಾಟರಿಯನ್ನು ತುಂಬಿಸುವ ಆ ಯಂತ್ರ ತನ್ನ ಹಳೆಯ ದಿಕ್ಕನ್ನು ನೆನಪಿಟ್ಟುಕೊಂಡಿರುತ್ತದೆ. ಬ್ಯಾಟರಿಯಿಂದ ಒಂದು ತಂತಿ ಎಳೆದು ಅದರ ಚಿಕ್ಕ ತುದಿಗೆ ಕ್ಷಣಮಾತ್ರ ಮುಟ್ಟಿಸಿ ಹೊಸ ದಿಕ್ಕನ್ನು ಕಲಿಸಬೇಕು. ಮೇಸ್ತ್ರಿ ಮುಟ್ಟಿಸಿದ. ಚಟಕ್ಕನೆ ನೀಲಿಯ ಕಿಡಿಯೊಂದು ಹಾರಿತು.

ಮೂವತ್ತು ಕುರ್ಚಿಗಳಿಂದ ಒಮ್ಮೆಗೇ "ಆಹಾ!" ಎಂಬ ಉದ್ಗಾರ ಹೊರಟಿತು.

ನಲವತ್ತೊಂದು ವರ್ಷದಲ್ಲಿ ಮೇಸ್ತ್ರಿಯ ಕೆಲಸಕ್ಕೆ ಯಾರೂ ಆಹಾ ಎಂದಿರಲಿಲ್ಲ. ಕಾರು ಹೊರಟರೆ ಜನ ಹೊರಟುಹೋಗುತ್ತಿದ್ದರು, ಅಷ್ಟೇ. ಫೋಟೋ ತೆಗೆಯುವವನು ಮುಂದೆ ಬಂದು, "ಮೇಸ್ತ್ರಿಗಳೇ, ಇನ್ನೊಂದ್ಸಲ ಆ ಕಿಡಿ ಹಾರಿಸಿ, ಈ ಕಡೆ ನೋಡ್ಕೊಂಡು" ಎಂದ. ಡೈನಮೋ ಒಮ್ಮೆ ಕಲಿತ ಪಾಠವನ್ನು ಎರಡನೆಯ ಸಲ ಕಲಿಯಬೇಕಾದ್ದಿರಲಿಲ್ಲ. ಆದರೂ ಮೇಸ್ತ್ರಿ ಅಂಗಿಯ ಕಾಲರನ್ನು ಸರಿಪಡಿಸಿಕೊಂಡು ಇನ್ನೊಮ್ಮೆ ಹಾರಿಸಿದ. ಚಪ್ಪಾಳೆಯಾಯಿತು. "ನನ್ನ ಬಾಮೈದ!" ಎಂದು ಅಧ್ಯಕ್ಷರು ಅವನ ಬೆನ್ನು ತಟ್ಟಿದರು; ಇಪ್ಪತ್ತೆಂಟು ವರ್ಷಗಳ ಬಂಧುತ್ವದಲ್ಲಿ ಅವರು ಅದನ್ನು ಸಭೆಯಲ್ಲಿ ಒಪ್ಪಿಕೊಂಡದ್ದು ಅದೇ ಮೊದಲು. ಮೇಸ್ತ್ರಿ ಮುಖದ ಮೇಲೆ ನಗು ಹಾಗೆಯೇ ಇರಿಸಿಕೊಂಡು ಕೈ ಒರೆಸಿಕೊಂಡ, ಸ್ಪಾನರುಗಳನ್ನು ಚೀಲಕ್ಕೆ ತುಂಬಿಕೊಂಡ, ಮನೆಗೆ ನಡೆದ.

ಊಟಕ್ಕೆ ಕೂತಾಗ ಫೋನು ಬಂತು.

"ಲೋ, ಅದ್ಭುತ ಆಗಿದೆ ಕಣೋ!" ಅಧ್ಯಕ್ಷರು ಕೂಗಿದರು. "ಎಂಜಿನ್ ಆಫ್ ಮಾಡಿ ಹೆಡ್‌ಲೈಟ್ ಹಾಕ್ದೆ. ಡ್ಯಾಶ್‌ಬೋರ್ಡಿನ ಮುಳ್ಳು ಇದೆಯಲ್ಲ, ಅದು ಪ್ಲಸ್ ಕಡೆ ಹೋಯ್ತು! ಇಷ್ಟು ವರ್ಷ ದೀಪ ಹಾಕಿದ್ರೆ ಮೈನಸ್ಸಿಗೆ ಬೀಳ್ತಿದ್ದ ಮುಳ್ಳು ಈಗ ಪ್ಲಸ್ಸು! ದೀಪ ಉರಿದಷ್ಟೂ ಬ್ಯಾಟರಿ ತುಂಬ್ತಿದೆ!"

ಮೇಸ್ತ್ರಿಯ ಕೈಯಲ್ಲಿದ್ದ ತುತ್ತು ತಟ್ಟೆಗೆ ಮರಳಿತು. ಆಂಪ್ ಮೀಟರ್. ಬ್ಯಾಟರಿಗೆ ಎಷ್ಟು ಬಂತು, ಎಷ್ಟು ಹೋಯಿತು ಎಂದು ತೋರಿಸುವ ಆ ಪುಟ್ಟ ಗಡಿಯಾರದ ಹಿಂದೆ ಎರಡು ತಂತಿಗಳಿರುತ್ತವೆ. ಬ್ಯಾಟರಿಯನ್ನು ತಿರುಗಿಸಿದ ಮೇಲೆ ಅವೆರಡನ್ನೂ ಅದಲುಬದಲು ಮಾಡಬೇಕು. ಮಾಡದಿದ್ದರೆ ಮುಳ್ಳು ಬಂದದ್ದನ್ನು ಹೋಯಿತೆನ್ನುತ್ತದೆ, ಹೋದದ್ದನ್ನು ಬಂತೆನ್ನುತ್ತದೆ. ಎರಡನೆಯ ಕಿಡಿ ಹಾರಿಸಿದ ಹೊತ್ತಿನಲ್ಲಿ ಮಾಡಬೇಕಾಗಿದ್ದ ಕೆಲಸ ಅದು.

"ಭಾವ..." ಎಂದ ಮೇಸ್ತ್ರಿ.

"ನೀನೇನೂ ಹೇಳ್ಬೇಡ. ಇಲ್ಲಿ ಎಲ್ಲರೂ ನಿನ್ನನ್ನೇ ಹೊಗಳ್ತಾ ಇದ್ದಾರೆ. ಆ ಹಲ್ಲಿನವನ ಮುಖ ನೋಡ್ಬೇಕಿತ್ತು ನೀನು!"

ಮೇಸ್ತ್ರಿ ಹೇಳಲಿಲ್ಲ. ನಾಳೆ ಬೆಳಗ್ಗೆ ಹೋಗಿ, ಯಾರಿಗೂ ತಿಳಿಯದ ಹಾಗೆ ತಂತಿ ತಿರುಗಿಸಿ ಬಂದರಾಯಿತು ಎಂದುಕೊಂಡ. ಜೀವಮಾನದಲ್ಲಿ ಮೊದಲ ಬಾರಿಗೆ ಅವನು ತನ್ನ ತಪ್ಪನ್ನು ಒಂದು ರಾತ್ರಿ ಮನೆಯಲ್ಲಿ ಮಲಗಿಸಿಕೊಂಡ. ತಪ್ಪಿಗೆ ಅಷ್ಟು ಸಮಯ ಸಾಕಾಯಿತು.

ಮರುದಿನ ಅವನು ಹೋಗುವ ಹೊತ್ತಿಗೆ ಗ್ಯಾರೇಜಿಗೆ ಬೀಗ ಬಿದ್ದಿತ್ತು. ಬಾಗಿಲು ತೆರೆದ ಅಕ್ಕ, "ನಿಮ್ಮ ಭಾವ ಬೆಳಗ್ಗೇನೇ ಪ್ರೆಸ್ಸಿಗೆ ಹೋದ್ರು. ಏನೋ ಲೇಖನವಂತೆ. ನೀನು ಆ ಕಾರಿಗೆ ಏನು ಮಾಡಿಟ್ಟೆಯೋ ಮಾರಾಯ? ಇಡೀ ರಾತ್ರಿ ಕಣ್ಣು ಮುಚ್ಚಿಲ್ಲ ಅವ್ರು" ಎಂದಳು. ಸಂಘದ ಕಾಗದಪತ್ರಗಳನ್ನು ಬರೆಯುತ್ತಿದ್ದವಳು ಅವಳೇ, ಅಕ್ಷರ ಮುತ್ತಿನಂತಿತ್ತು. ತಮ್ಮನಿಗೆ ನೀರು ಕೊಡುವಷ್ಟರಲ್ಲಿ ಅವನ ಮುಖದಲ್ಲಿದ್ದುದನ್ನೂ ಓದಿಕೊಂಡಳು. "ಏನೋ ಬಿಟ್ಟಿದ್ದೀಯ ತಾನೇ?"

"ಎರಡು ತಂತಿ, ಅಕ್ಕ."

"ಹೇಳು ಮತ್ತೆ. ಬಾಯಿಗೇನು ಬೀಗ ಹಾಕ್ಕೊಂಡಿದ್ದೀಯಾ?"

ಅಂದು ಮಧ್ಯಾಹ್ನ ಕನ್ನಡಕದ ಅಂಗಡಿಗೇ ಹೋಗಿ ಹೇಳಿದ. ಅಧ್ಯಕ್ಷರು ಒಬ್ಬ ಮುದುಕರ ಮೂಗಿನ ಮೇಲೆ ಚೌಕಟ್ಟನ್ನು ಕೂರಿಸುತ್ತಿದ್ದರು. ಬಾಮೈದನ ಮಾತನ್ನು ಕೊನೆಯವರೆಗೂ ಕೇಳಿ, ಮರುಕದ ನಗೆ ನಕ್ಕರು.

"ನಿಂದು ಯಾವಾಗ್ಲೂ ಇದೇ. ದೊಡ್ಡ ಕೆಲಸ ಮಾಡಿ ಮರೆತೆ ಅಂತೀಯಾ. ಅದಕ್ಕೇ ಆ ಮಳಿಗೇಲೇ ಕೊಳೀತಿದ್ದೀಯಾ."

"ಇಲ್ಲ ಭಾವ, ನಿಜವಾಗ್ಲೂ ಮರೆತೆ. ಮುಳ್ಳು ಉಲ್ಟಾ ತೋರಿಸ್ತಿದೆ."

"ಇಷ್ಟು ವರ್ಷ ಉಲ್ಟಾ ತೋರಿಸ್ತಿತ್ತು, ಈಗ ಸರಿ ಹೋಗಿದೆ. ನಾನು ಕಣ್ಣಾರೆ ನೋಡಿದ್ದೀನಿ." ಎಂದು, ಗಿರಾಕಿಯತ್ತ ತಿರುಗಿ, "ಈಗ ಅಕ್ಷರ ಕಾಣ್ತಿದ್ಯಾ ಅಜ್ಜ?" ಎಂದರು. ಅಜ್ಜ ಇಲ್ಲವೆಂದ. "ಅಭ್ಯಾಸ ಆಗುತ್ತೆ" ಎಂದು ಸಮಾಧಾನ ಹೇಳಿದರು.

ಸಂಘದ ಪತ್ರಿಕೆ ಗುರುವಾರ ಹೊರಬಂತು. ಮೊದಲ ಪುಟದಲ್ಲಿ ಕಿಡಿ ಹಾರಿಸುತ್ತಿರುವ ಮೇಸ್ತ್ರಿಯ ಚಿತ್ರ, ಜೊತೆಗೆ ಅವನಿಗೆ ಹೊಸದಾಗಿ ಕೊಟ್ಟ 'ಸಂಘದ ತಾಂತ್ರಿಕ ಸಲಹೆಗಾರರು' ಎಂಬ ಪದವಿ. ಅದರ ಕೆಳಗೆ 'ಹಿರಿಯರು ಬಲ್ಲ ಬೆಳಕಿನ ಗುಟ್ಟು' ಎಂಬ ಲೇಖನ. ಪ್ಲಸ್ಸನ್ನು ಮೈಗೆ ಕಟ್ಟಿದ ಕಾರಿನಲ್ಲಿ ದೀಪ ಹಚ್ಚಿದರೆ ಬ್ಯಾಟರಿ ತುಂಬುತ್ತದೆಂದೂ, ಎಂಜಿನನ್ನು ಜೋರಾಗಿ ಓಡಿಸಿದಾಗ ಮುಳ್ಳು ಮೈನಸ್ಸಿಗೆ ಇಳಿಯುವುದರಿಂದ ಡೈನಮೋ ಎಂಬುದು ಬ್ಯಾಟರಿಯನ್ನು ಒಳಗಿಂದೊಳಗೇ ಮೇಯುವ ಜಂತುವೆಂದೂ, ಆದುದರಿಂದ ಅದರ ತಂತಿಯನ್ನು ಕಳಚಿ, ದೀಪ ಹಚ್ಚಿ, ಮೆಲ್ಲಗೆ ಚಲಿಸುವುದೇ ಪೂರ್ವಿಕರ ಕ್ರಮವೆಂದೂ ಅದರಲ್ಲಿ ಸಪ್ರಮಾಣವಾಗಿ ನಿರೂಪಿಸಲಾಗಿತ್ತು. ಪ್ರಮಾಣ ಎಂದರೆ ಮುಳ್ಳಿನ ನಾಲ್ಕು ಚಿತ್ರಗಳು. ಕೊನೆಯ ವಾಕ್ಯದಲ್ಲಿ, 'ಈ ಸುಪ್ತಶಕ್ತಿಯನ್ನು ಎಚ್ಚರಗೊಳಿಸಿದ ಮಹನೀಯರು ತಮ್ಮ ಸಾಧನೆಯನ್ನು ಬರಿಯ ಮರೆವೆಂದು ಕರೆದುಕೊಳ್ಳುವಷ್ಟು ವಿನಯಶಾಲಿಗಳು' ಎಂದಿತ್ತು.

ಮೇಸ್ತ್ರಿ ಆ ವಾಕ್ಯವನ್ನು ಓದಿ ಬೆಂಚಿನ ಮೇಲೆ ಕೂತುಬಿಟ್ಟ. ಮಾತಾಡಲು ಬಾಯಿ ತೆರೆಯುವ ಮೊದಲೇ ಅವನ ಮಾತಿನ ಬೆಲೆ ಮುದ್ರಿತವಾಗಿ ಹೋಗಿತ್ತು. ಅವನು "ತಪ್ಪು" ಎಂದರೆ ಜನ ನಂಬುವುದಿಲ್ಲ. ನಾಳೆ ಅವನು "ಸರಿ" ಎಂದರೆ ಅದನ್ನಾದರೂ ಯಾಕೆ ನಂಬಬೇಕು?

ಊರಿನಲ್ಲಿ ವಿಚಿತ್ರಗಳು ಆರಂಭವಾದವು. ನಡುಹಗಲಲ್ಲಿ ಹಳೆಯ ಕಾರುಗಳು ಕಣ್ಣು ಬಿಟ್ಟುಕೊಂಡು ಓಡಾಡತೊಡಗಿದವು. ದಾರಿಹೋಕರು, "ಸಾರ್, ಲೈಟ್ ಉರೀತಿದೆ!" ಎಂದು ಕೂಗಿದರೆ, ಒಳಗೆ ಕೂತವರು ತಿಳಿಯದವರನ್ನು ಕ್ಷಮಿಸುವ ಮುಗುಳ್ನಗೆ ಬೀರಿ ಮುಂದೆ ಹೋಗುತ್ತಿದ್ದರು. ಯಾರ ಕಾರಿನ ಆಂಪ್ ಮೀಟರ್ ಸರಿಯಾಗಿತ್ತೋ ಅವರ ಪಾಡು ಹೇಳತೀರದು. ದೀಪ ಹಾಕಿದರೆ ಅವರ ಮುಳ್ಳು ಮೈನಸ್ಸಿಗೆ ಬೀಳುತ್ತಿತ್ತು; ಅಪ್ಪಟರೆಂದು ಬೀಗಿದವರು ಹೆಂಡತಿ ಮಕ್ಕಳಿಗೂ ಡ್ಯಾಶ್‌ಬೋರ್ಡ್ ಕಾಣದಂತೆ ಟವಲು ಹೊದಿಸಿದರು. ಒಬ್ಬೊಬ್ಬರಾಗಿ ಮೇಸ್ತ್ರಿಯ ಮಳಿಗೆಗೆ ಬಂದು, "ನಮ್ಮ ಮುಳ್ಳನ್ನೂ ಸ್ವಲ್ಪ ದಾರಿಗೆ ತನ್ನಿ" ಎಂದು ಕೈ ಹಿಡಿದರು.

"ನಿಮ್ಮದು ದಾರೀಲೇ ಇದೆ ಸ್ವಾಮಿ. ಕೆಟ್ಟಿರೋದು ಅಧ್ಯಕ್ಷರದು. ನಾನೇ ಕೆಡಿಸಿದ್ದು."

"ಆಯ್ತು ಬಿಡಿ. ಮನೆಯವರಿಗೆ ಮಾತ್ರ ಮಾಡ್ಕೊಡ್ತೀರಿ ಅಂತ ಗೊತ್ತಾಯ್ತು."

ಹೀಗೆ ಮುನಿಸಿಕೊಂಡು ಹೋದವರು ತಾವೇ ತಂತಿಗಳನ್ನು ತಿರುಗಿಸಿಕೊಂಡರು. ಹಲ್ಲಿನ ಡಾಕ್ಟರು ತಮ್ಮ ಚಿಕಿತ್ಸೆಯ ಪುಟ್ಟ ಕನ್ನಡಿಯನ್ನೂ ಇಕ್ಕಳವನ್ನೂ ಡ್ಯಾಶ್‌ಬೋರ್ಡಿನ ಹಿಂದೆ ತೂರಿಸಿ ಆ ಕೆಲಸವನ್ನು ಹದಿನೈದು ನಿಮಿಷದಲ್ಲಿ ಮುಗಿಸಿದರೆಂದು ಸುದ್ದಿಯಾಯಿತು. ಅಧ್ಯಕ್ಷಗಿರಿಗೆ ಆಸೆಪಟ್ಟವರು ಮುಳ್ಳಿನಲ್ಲಿ ಹಿಂದುಳಿಯಲಾದೀತೆ?

ಆಮೇಲೆ ಬ್ಯಾಟರಿಗಳು ಬರತೊಡಗಿದವು. ಮೊದಲು ಎರಡು, ಆಮೇಲೆ ಐದು, ವಾರ ಮುಗಿಯುವಷ್ಟರಲ್ಲಿ ಮೇಸ್ತ್ರಿಯ ಬೆಂಚಿನ ಮೇಲೆ ಹನ್ನೊಂದು ಸತ್ತ ಬ್ಯಾಟರಿಗಳು ಸಾಲಾಗಿ ನಿಂತಿದ್ದವು. ಖಾಲಿಯಾದವೆಂದು ತಂದವರು ಒಬ್ಬರೂ ಇಲ್ಲ.

"ತುಂಬಿ ತುಂಬಿ ಉಸಿರು ಕಟ್ಟಿದೆ ಇದಕ್ಕೆ," ಎಂದರು ಟೋಪಿ ಅಂಗಡಿಯವರು, ತಮ್ಮ ಬ್ಯಾಟರಿಯನ್ನು ಎದೆಗೊತ್ತಿ ಹಿಡಿದು. "ಸ್ವಲ್ಪ ಇಳಿಸಿ ಕೊಡಿ ಮೇಸ್ತ್ರಿಗಳೇ."

ಮೇಸ್ತ್ರಿ ಮುಚ್ಚಳ ತೆಗೆದು, ಆಮ್ಲದ ಸಾಂದ್ರತೆ ಅಳೆಯುವ ಗಾಜಿನ ನಳಿಕೆಯನ್ನು ಅವರ ಕಣ್ಣಿನ ಮುಂದೆ ಹಿಡಿದ. ಬ್ಯಾಟರಿ ತುಂಬಿದ್ದರೆ ಮೇಲೇಳಬೇಕಾಗಿದ್ದ ಒಳಗಿನ ತೇಲು ತಳಕ್ಕೆ ಕಚ್ಚಿಕೊಂಡಿತ್ತು. "ನೋಡಿ, ಪೂರ್ತಿ ಖಾಲಿ. ದೀಪ ಹಾಕಿ ಹಾಕಿ ಕುಡಿದುಬಿಟ್ಟಿದ್ದೀರಿ."

"ತಳಕ್ಕೆ ಹೋಗಿದೆ ಅಂದ್ರೆ ಭಾರ ಆಗಿದೆ ಅಂತ ತಾನೇ? ಅದನ್ನೇ ನಾನು ಹೇಳಿದ್ದು."

ಮೇಸ್ತ್ರಿ ನಳಿಕೆಯನ್ನು ಒರೆಸಿಟ್ಟ. ಬ್ಯಾಟರಿಯನ್ನು ಚಾರ್ಜರಿಗೆ ಹಾಕಿದ. ಮರುದಿನ ಅದು ಒಂದೇ ಏಟಿಗೆ ಎಂಜಿನನ್ನು ಎಬ್ಬಿಸಿದಾಗ ಟೋಪಿ ಅಂಗಡಿಯವರು, "ನೋಡಿದ್ರಾ, ಇಳಿಸಿದ ಮೇಲೆ ಎಷ್ಟು ಹಗುರಾಯ್ತು!" ಎಂದು ಹರ್ಷದಿಂದ ದೀಪ ಹಚ್ಚಿಕೊಂಡು ಹೋದರು. ತಾನು ಪ್ರಾಮಾಣಿಕವಾಗಿ ತುಂಬಿಸಿಕೊಟ್ಟ ಒಂದೊಂದು ಬ್ಯಾಟರಿಯೂ ಆ ಸುಳ್ಳಿಗೆ ಇನ್ನೊಂದು ದಿನದ ಆಯುಸ್ಸು ಕೊಡುತ್ತಿದೆಯೆಂದು ಮೇಸ್ತ್ರಿಗೆ ಹೊಳೆಯಿತು. ಹಾಗೆಂದು ಸತ್ತ ಬ್ಯಾಟರಿಯನ್ನು ಸತ್ತಂತೆಯೇ ಹಿಂದಿರುಗಿಸುವುದು ಅವನ ಕೈಯಿಂದ ಆಗುವ ಕೆಲಸವಾಗಿರಲಿಲ್ಲ.

ಮಹಾಮಂಡಲದ ತೀರ್ಪುಗಾರರು ಬಂದ ದಿನ ಹನ್ನೊಂದು ಕಾರುಗಳು ಪುರಭವನದ ಮುಂದಿನಿಂದ ಮೆರವಣಿಗೆ ಹೊರಟವು. ಎಲ್ಲದರ ದೀಪಗಳೂ ಉರಿಯುತ್ತಿದ್ದವು. ಯಾವುದರ ಡೈನಮೋಗೂ ತಂತಿ ಇರಲಿಲ್ಲ. ವೇಗ ಮನುಷ್ಯರ ನಡಿಗೆಯಷ್ಟು. ಮೇಸ್ತ್ರಿ ಕಾಲುದಾರಿಯ ಮೇಲೆ ಜೊತೆಜೊತೆಗೆ ನಡೆಯುತ್ತಿದ್ದ. ಕೈಯಲ್ಲಿ ಚೀಲ, ಮನಸ್ಸಿನಲ್ಲಿ ಲೆಕ್ಕ. ಮೊದಲ ವೃತ್ತದಲ್ಲಿ ದೀಪಗಳು ಹಳದಿಗೆ ತಿರುಗಿದವು. ಅಂಚೆ ಕಚೇರಿಯ ಮುಂದೆ ಕೆಂಪಾದವು. ಗ್ರಂಥಾಲಯದ ಹತ್ತಿರ ಹಲ್ಲಿನ ಡಾಕ್ಟರ ಹಾರ್ನು ಶೀತವಾದ ಗಂಟಲಿನಂತೆ ಒಮ್ಮೆ ಕೊಸಕ್ಕೆಂದು ಸುಮ್ಮನಾಯಿತು. ಅದರ ಹಿಂದೆಯೇ ಎಂಜಿನ್ನೂ ನಿಂತಿತು. ಅವರ ಹಿಂದೆ ಟೋಪಿ ಅಂಗಡಿ, ಅದರ ಹಿಂದೆ ಇನ್ನೊಂದು, ಮತ್ತೊಂದು. ಸೇತುವೆಯ ಏರು ಶುರುವಾಗುವಲ್ಲಿ ಕೊನೆಯದಾಗಿ ದೊರೆಸಾನಿ ಒಂದು ನಿಟ್ಟುಸಿರು ಬಿಟ್ಟು ನಿಂತಳು. ಒಳಗೆ ಮುಳ್ಳು ಕೊನೆಯ ಕ್ಷಣದವರೆಗೂ ಪ್ಲಸ್ಸಿನಲ್ಲೇ ಇತ್ತು.

ಮೇಸ್ತ್ರಿ ಓಡಿ ಬಂದು ಕಿಟಕಿಯಲ್ಲಿ ತಲೆಯಿಟ್ಟ. "ಭಾವ, ಈಗ್ಲಾದ್ರೂ ಕೇಳಿ. ಆರೇ ನಿಮಿಷ. ಹತ್ತು ಜನರ ಮುಂದೆ ತಂತಿ ತಿರುಗಿಸಿ, ತಪ್ಪು ನಂದು ಅಂತ ಹೇಳಿಬಿಡ್ತೀನಿ."

"ಬಾಯಿ ಮುಚ್ಚು. ಅವ್ರು ಬರ್ತಿದ್ದಾರೆ."

ತೀರ್ಪುಗಾರರಿಗೆ ಚರ್ಮದ ಸೀಟು ಮತ್ತು ಬಣ್ಣ ಈ ಎರಡು ವಿಷಯಗಳು ಗೊತ್ತಿದ್ದವು. ವಿದ್ಯುತ್ತಿನ ವಿಷಯದಲ್ಲಿ ಅವರು ಮೌನವಾಗಿ ತಲೆದೂಗುವ ಅಭ್ಯಾಸವಿಟ್ಟುಕೊಂಡಿದ್ದರು. ಅವರು ದೊರೆಸಾನಿಯ ಮುಂದೆ ಬಗ್ಗಿ, ಬೂದಿ ಮುಚ್ಚಿದ ಕೆಂಡದಂತಿದ್ದ ಹೆಡ್‌ಲೈಟುಗಳನ್ನು ಬಹಳ ಹೊತ್ತು ದಿಟ್ಟಿಸಿ, ಕಣ್ಣು ಒದ್ದೆ ಮಾಡಿಕೊಂಡರು. "ಆಗಿನ ಕಾಲದ ಬೆಳಕು ಅಂದ್ರೆ ಹೀಗೇ ಮಂದವಾಗಿರ್ತಿತ್ತು. ಎಷ್ಟೋ ವರ್ಷ ಆಗಿತ್ತು ಇಂಥದ್ದು ನೋಡಿ" ಎಂದು ಹೇಳಿ, ಯಥಾವತ್ತಾದ ಮಂದಪ್ರಕಾಶಕ್ಕಾಗಿ ಮೊದಲ ಬಹುಮಾನವನ್ನು ಅಲ್ಲಿಯೇ ಘೋಷಿಸಿದರು. ಅಧ್ಯಕ್ಷರು ಕೆಟ್ಟು ನಿಂತ ಕಾರಿನ ಬಾಗಿಲು ತೆರೆದು ಇಳಿದು, ಅಲ್ಲಿ ನಿಲ್ಲಬೇಕೆಂದೇ ಬಂದವರಂತೆ ನಮಸ್ಕರಿಸಿದರು.

ಇದರಿಂದ ಸುಳ್ಳಿಗೆ ಪದಕವೂ ಸಿಕ್ಕಂತಾಯಿತು. ಬಹುಮಾನ ಬಂದ ಕಾರನ್ನು ಇನ್ನು ಮುಟ್ಟಕೂಡದೆಂದು ಮೇಸ್ತ್ರಿಗೆ ಆಜ್ಞೆಯಾಯಿತು.

ಆದರೆ ಹಲ್ಲಿನ ಡಾಕ್ಟರು ಸುಮ್ಮನಿರುವವರಲ್ಲ. ಅವರ ದೀಪಗಳೂ ಅಷ್ಟೇ ಮಂದವಾಗಿದ್ದವು. ಅವರ ಕಾರೂ ಅಷ್ಟೇ ಚೆನ್ನಾಗಿ ನಿಂತಿತ್ತು, ಎಲ್ಲರಿಗಿಂತ ಮೊದಲೇ ನಿಂತಿತ್ತು. ಬಹುಮಾನ ಮಾತ್ರ ಬರಲಿಲ್ಲ. ಅವರು ಪತ್ರ ಬರೆದು ಮಹಾಸಭೆ ಕರೆಸಿದರು. ಅಧ್ಯಕ್ಷರ ಮನೆಯ ಹಜಾರದಲ್ಲಿ ಸಭೆ ಸೇರಿತು. ಅಕ್ಕ ಮೂಲೆಯ ಮೇಜಿನಲ್ಲಿ ಕಾಗದ ಹರಡಿಕೊಂಡು ಕೂತಳು. ಡಾಕ್ಟರು ಬಹುಮಾನದ ವಿಷಯ ಎತ್ತುವ ಮೊದಲೇ ಮೇಸ್ತ್ರಿ ಎದ್ದು ನಿಂತ.

"ಒಂದು ಮಾತು ಹೇಳಿ ಕೂತ್ಕೋತೀನಿ. ದೊರೆಸಾನಿಯ ಆಂಪ್ ಮೀಟರಿನ ಎರಡು ತಂತಿ ತಿರುಗಿಸೋದು ನಾನು ಮರೆತೆ. ಫೋಟೋಗೆ ಹಲ್ಲು ಕಿರಿಯೋ ಆಸೇಲಿ ಮರೆತೆ. ಅವತ್ತೇ ಗೊತ್ತಾಯ್ತು, ಅವತ್ತೇ ಹೇಳ್ಲಿಲ್ಲ. ದೀಪದಿಂದ ಬ್ಯಾಟರಿ ತುಂಬಲ್ಲ. ಡೈನಮೋದಿಂದ ತುಂಬುತ್ತೆ. ತಪ್ಪು ನಂದು."

ಸಭೆ ಗುಜುಗುಜು ಎಂದಿತು. "ಎಂಥ ವಿನಯ!" ಎಂದರು ಟೋಪಿ ಅಂಗಡಿಯವರು, ಕಣ್ಣೊರೆಸಿಕೊಂಡು.

ಅಧ್ಯಕ್ಷರು ಮಾತ್ರ ನಗಲಿಲ್ಲ. ಸೇತುವೆಯ ಬುಡದಲ್ಲಿ ಕಾರು ನಿಂತ ಕ್ಷಣದಿಂದ ಅವರ ಒಳಗೆಲ್ಲೋ ಒಂದು ಮುಳ್ಳು ಮೈನಸ್ಸಿನತ್ತ ವಾಲಿತ್ತೆಂದು ಕಾಣುತ್ತದೆ. ಅವರು ಗಂಟಲು ಸರಿಪಡಿಸಿಕೊಂಡರು. "ತಂತಿ ವ್ಯತ್ಯಾಸ ಇದ್ರೂ ಇರಬಹುದು. ಆದ್ರೆ ಅದು ನಮ್ಮ ಮೇಸ್ತ್ರಿಯ ತಪ್ಪಲ್ಲ. ಅದು ಕಾರ್ಖಾನೆಯಿಂದಲೇ ಹಾಗೆ ಬಂದಿರೋದು. ನನ್ನ ಹೆಂಡತಿಯ ತಮ್ಮ ತಪ್ಪು ಮಾಡೋನಲ್ಲ."

"ರೀ, ಅವನೇ ಮಾಡಿದೀನಿ ಅಂತಿದ್ದಾನಲ್ಲ!" ಎಂದಳು ಅಕ್ಕ.

"ನೀನು ಬರ್ಕೋ. ಕಾರ್ಖಾನೆಯ ದೋಷ."

"ಬರೆಯಬೇಡ ಅಕ್ಕ," ಎಂದ ಮೇಸ್ತ್ರಿ. ಅವನ ದನಿ ಏರಿತು. "ಏನು ಭಾವ ಇದು? ಮೊದಲು ನನ್ನ ತಪ್ಪನ್ನ ವಿದ್ಯೆ ಅಂದ್ರಿ. ಆಮೇಲೆ ವಿನಯ ಅಂದ್ರಿ. ಈಗ ಎತ್ಕೊಂಡು ಹೋಗಿ ಕಾರ್ಖಾನೆಯವರಿಗೆ ಕೊಡ್ತಿದ್ದೀರಾ? ಅವ್ರು ಚೊಕ್ಕವಾಗಿ ಜೋಡಿಸಿ ಕಳ್ಸಿದ್ರು. ಕೆಡಿಸಿದ್ದು ಈ ಕೈ. ನನ್ನ ತಪ್ಪು ನನಗೆ ಬಿಟ್ಟುಬಿಡಿ!"

ಹಲ್ಲಿನ ಡಾಕ್ಟರ ಕಣ್ಣು ಮಿನುಗಿತು. ಬಹುಮಾನಕ್ಕಿಂತ ದೊಡ್ಡದೊಂದು ಬೇರು ಅಲುಗಾಡುತ್ತಿರುವುದು ಅವರ ಕೈಗೆ ಸಿಕ್ಕಿತ್ತು. ಎದ್ದು ನಿಂತು, "ನಾನು ಒಪ್ಕೋತೀನಿ ಮೇಸ್ತ್ರಿ! ತಪ್ಪು ನಿನ್ನದೇ! ನೂರಕ್ಕೆ ನೂರು!" ಎಂದು ಮೇಜು ಗುದ್ದಿದರು. "ಅಧ್ಯಕ್ಷರು ತಮ್ಮ ಬಾಮೈದನ ಕೈಲಿ ಹಾಳು ಕೆಲಸ ಮಾಡಿಸಿ, ಅದನ್ನ ಶಾಸ್ತ್ರ ಅಂತ ಅಚ್ಚು ಹಾಕಿಸಿ, ನಮ್ಮೆಲ್ಲರ ಬ್ಯಾಟರಿ ತೆಗೆದ್ರು. ಮೇಸ್ತ್ರಿಯನ್ನ ತಾಂತ್ರಿಕ ಸಲಹೆಗಾರರ ಸ್ಥಾನದಿಂದ ಈಗಿಂದೀಗ್ಲೇ ತೆಗೀಬೇಕು!"

ಮೇಸ್ತ್ರಿಗೆ ಆ ಮನುಷ್ಯನನ್ನು ಅಪ್ಪಿಕೊಳ್ಳಬೇಕೆನಿಸಿತು. ಮೂರು ವಾರಗಳಲ್ಲಿ ತನ್ನ ಮಾತನ್ನು ಆಡಿದಂತೆ ಕೇಳಿಸಿಕೊಂಡವರು ಅವರೊಬ್ಬರೇ. ಕೈ ಎತ್ತುವ ಕಾರ್ಯಕ್ರಮ ನಡೆಯಿತು. ಯಾರು ಏಕೆ ಎತ್ತಿದರೋ ಅವರಿಗೇ ತಿಳಿಯದು. ವಿದ್ಯುತ್ತಿನ ದಿಕ್ಕು ತಿಳಿಯದವರಿಗೂ ಗಾಳಿಯ ದಿಕ್ಕು ತಿಳಿಯುತ್ತಿತ್ತು. ತೆಗೆಯಬೇಕೆಂಬುದಕ್ಕೆ ಎತ್ತಿದ ಕೈಗಳಲ್ಲಿ ಮೇಸ್ತ್ರಿಯದ್ದೂ ಒಂದು.

ಪತ್ರವನ್ನು ಡಾಕ್ಟರೇ ಹೇಳಿ ಬರೆಸಿದರು. ಅಧ್ಯಕ್ಷರು ಮುಖ ತಿರುಗಿಸಿಕೊಂಡು ರುಜು ಹಾಕಿದರು. ಮೇಸ್ತ್ರಿ ಅದನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟು, ಎಲ್ಲರಿಗೂ ನಮಸ್ಕಾರ ಹೇಳಿ ಹೊರಬಂದ. ಗೇಟಿನ ಆಚೆ ಸದಸ್ಯರ ಕಾರುಗಳು ಮಧ್ಯಾಹ್ನದ ಬಿಸಿಲಿನಲ್ಲಿ ದೀಪ ಹಚ್ಚಿಕೊಂಡು ನಿಂತಿದ್ದವು. ರಸ್ತೆಯ ತಿರುವಿನಲ್ಲಿ ನಿಂತು ಪತ್ರ ಬಿಚ್ಚಿ ಓದಿದ. ಇನ್ನೊಮ್ಮೆ ಓದಿದ.

ಬಂದ ದಾರಿಯಲ್ಲೇ ದಾಪುಗಾಲು ಹಾಕಿ ಹಿಂದಿರುಗಿದವನು ಹಜಾರದ ನಡುವೆ ನಿಂತು ಪತ್ರವನ್ನು ಎತ್ತಿ ಹಿಡಿದ.

"'ಡೈನಮೋದ ತಂತಿಗಳನ್ನು ತಪ್ಪಾಗಿ ಜೋಡಿಸಿದ ಕಾರಣ' ಅಂತ ಬರೆಸಿದ್ದೀರಿ. ಯಾರು ಹೇಳಿದ್ದು ಡೈನಮೋ ಅಂತ?"

"ಯಾವುದೋ ಒಂದು ತಂತಿ," ಎಂದರು ಡಾಕ್ಟರು. "ತೆಗೆದಿದ್ದೀವಲ್ಲ, ಮತ್ತೇನು?"

"ಕೆಟ್ಟ ಹಲ್ಲು ಬಿಟ್ಟು ಪಕ್ಕದ್ದು ಕಿತ್ತರೆ 'ಯಾವುದೋ ಒಂದು ಹಲ್ಲು' ಅಂತೀರಾ?" ಮೇಸ್ತ್ರಿ ಪತ್ರದ ಆ ಸಾಲಿನ ಮೇಲೆ ಬೆರಳಿಟ್ಟ. "ಡೈನಮೋ ಕೆಲಸ ನಾನು ಕಣ್ಣಿಗೊತ್ತಿಕೊಳ್ಳೋ ಹಾಗೆ ಮಾಡಿದ್ದೀನಿ. ಅದರ ಮೇಲೆ ಒಂದು ಚುಕ್ಕೆ ಇಟ್ರೂ ನಾನು ಸುಮ್ಮನಿರಲ್ಲ. ಮಾಡದ ತಪ್ಪು ನನಗೆ ಬೇಡ. ಮಾಡಿದ್ದನ್ನ ಬಿಡಲ್ಲ. ಸರಿಯಾಗಿ ಬರೆದು ಕೊಡಿ, ಹೋಗ್ತೀನಿ."

"ಅಲ್ಲಯ್ಯಾ," ಎಂದರು ಅಧ್ಯಕ್ಷರು, ಅದುವರೆಗೆ ತಗ್ಗಿಸಿದ್ದ ತಲೆಯನ್ನು ಎತ್ತಿ, "ಡೈನಮೋ ತಪ್ಪಲ್ಲ ಅಂದ್ಮೇಲೆ, ಅದು ಬ್ಯಾಟರೀನ ತಿಂತಿಲ್ವಾ?"

"ತುಂಬಿಸ್ತಿತ್ತು ಭಾವ. ನೀವು ತಂತಿ ಕಿತ್ತು ಕೈ ಕಟ್ಟಿ ಹಾಕಿದ್ರಿ."

"ಮತ್ತೆ ಮುಳ್ಳು?"

"ಮುಳ್ಳಿಗೇನು ಗೊತ್ತು? ನಾನು ಕಟ್ಟಿದ ಹಾಗೆ ಅದು ಹೇಳುತ್ತೆ."

ಅಕ್ಕ ಹಳೆಯ ಪತ್ರವನ್ನು ತಮ್ಮನ ಕೈಯಿಂದ ಕಿತ್ತುಕೊಂಡು ಚೂರು ಮಾಡಿ, ಹೊಸ ಹಾಳೆ ಎಳೆದುಕೊಂಡಳು. "ಹೇಳು. ನಿಧಾನವಾಗಿ ಹೇಳು."

ಮೇಸ್ತ್ರಿ ಕೈ ಹಿಂದೆ ಕಟ್ಟಿಕೊಂಡು ಹೇಳತೊಡಗಿದ. ಬ್ಯಾಟರಿಯ ತುದಿಗಳನ್ನು ಬದಲಿಸಿದಾಗ ಆಂಪ್ ಮೀಟರಿನ ಹಿಂದಿನ ಎರಡು ತಂತಿಗಳನ್ನು ಅದಲುಬದಲು ಮಾಡುವುದನ್ನು ಮರೆತು, ಅದರಿಂದ ಮುಳ್ಳು ವಿರುದ್ಧ ದಿಕ್ಕನ್ನು ತೋರಿಸುವಂತೆ ಮಾಡಿ, ದೀಪದಿಂದ ಬ್ಯಾಟರಿ ಖಾಲಿಯಾಗುತ್ತಿದ್ದರೂ ತುಂಬುತ್ತಿದೆಯೆಂಬ ಭ್ರಮೆಗೆ ಕಾರಣನಾಗಿ, ತಿಳಿದ ಮೇಲೂ ಒಂದು ದಿನ ಹೇಳದೆ ಇದ್ದುದಕ್ಕಾಗಿ. ಅವನು ಒಂದೊಂದು ಪದವನ್ನೂ ತಂತಿಯ ತುದಿ ಕೆರೆದು ಶುಚಿ ಮಾಡುವಂತೆ ಬಿಡಿಸಿ ಹೇಳಿದ. ಮೂವತ್ತು ಮಂದಿಯೂ ಕಿವಿಗೊಟ್ಟು ಕೇಳಿದರು. ಲೇಖನವನ್ನು ಓದಿ ತಲೆದೂಗಿದ್ದವರಿಗೆ ಬ್ಯಾಟರಿಯ ವಿಷಯ ಅರ್ಥವಾಗತೊಡಗಿದ್ದು ಈ ವಜಾಪತ್ರದಲ್ಲಿ.

ಬರೆದು ಮುಗಿಸಿ ಅಕ್ಕ ಹಾಳೆಯನ್ನು ಅವನತ್ತ ತಿರುಗಿಸಿದಳು. "ಸರಿಯಿದ್ಯಾ?"

ಮೇಸ್ತ್ರಿ ಕನ್ನಡಕ ಏರಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ಬೆರಳಿಟ್ಟು ಓದಿದ.

"ಸರಿಯಿದೆ."

ಯಾರೂ ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಟೋಪಿ ಅಂಗಡಿಯವರು ಕೆಮ್ಮಿ ಎದ್ದು, ಏನನ್ನೋ ಮರೆತು ಬಂದವರಂತೆ ಹೊರಗೆ ಹೋದರು. ಅವರ ಹಿಂದೆ ಇನ್ನೊಬ್ಬರು ಎದ್ದರು. ಕಿಟಕಿಯಾಚೆ, ರಸ್ತೆಯ ಬದಿಯಲ್ಲಿ ನಿಂತಿದ್ದ ಕಾರುಗಳ ದೀಪಗಳು ಒಂದೊಂದಾಗಿ ಆರತೊಡಗಿದವು. ಕೊನೆಗೆ ಅಧ್ಯಕ್ಷರೂ ಎದ್ದು, ಯಾರ ಮುಖವನ್ನೂ ನೋಡದೆ, ಗ್ಯಾರೇಜಿನ ಬೀಗದ ಕೈಯನ್ನು ಬಾಮೈದನ ಮುಂದೆ ಮೇಜಿನ ಮೇಲಿಟ್ಟರು.